ಪದ ಪರಿಚಯ: ಫೇಸಿಂಗ್

ಇಬ್ಬರು ಒಂದೇ ಸ್ವರಗುಚ್ಛವನ್ನು ಒಟ್ಟಿಗೆ ನುಡಿಸಲು ಆರಂಭಿಸುತ್ತಾರೆ. ಒಬ್ಬರು ವೇಗವನ್ನು ಬದಲಿಸುವುದೇ ಇಲ್ಲ. ಇನ್ನೊಬ್ಬರು ಕೂದಲೆಳೆಯಷ್ಟು ಬೇಗ ನುಡಿಸುತ್ತಾ ಮೆಲ್ಲನೆ ಮುಂದಕ್ಕೆ ಜಾರುತ್ತಾರೆ. ಅಂತರ ಬೆಳೆದಂತೆಲ್ಲ, ಇಬ್ಬರಲ್ಲಿ ಯಾರೂ ನುಡಿಸದ ಮೂರನೆಯ ವಿನ್ಯಾಸವೊಂದು ಕೇಳಿಬರುತ್ತದೆ. ಇದೇ ಫೇಸಿಂಗ್. 1960ರ ದಶಕದಲ್ಲಿ ಅಮೆರಿಕದಲ್ಲಿ ಬೆಳೆದ ಮಿನಿಮಲಿಸಂ ಎಂಬ ಸಂಗೀತ ಪಂಥದ, ಅಂದರೆ ಕೆಲವೇ ಸ್ವರಗಳನ್ನು ಮತ್ತೆ ಮತ್ತೆ ನುಡಿಸಿ ಕೃತಿ ಕಟ್ಟುವವರ, ಬಹುಮುಖ್ಯ ತಂತ್ರ ಇದು.

ತೀರ್ಥಹಳ್ಳಿ ಕಡೆಯವರಿಗೆ ಇದನ್ನು ಅಡಿಕೆ ಸುಲಿಯುವ ಚಪ್ಪರದಲ್ಲಿ ತೋರಿಸಬಹುದು. ಅಕ್ಕಪಕ್ಕದ ಮೆಟ್ಟುಗತ್ತಿಗಳಲ್ಲಿ ಇಬ್ಬರು ಕುಳಿತಿದ್ದಾರೆ. ಇಬ್ಬರ ಎದುರಿಗೂ ಖಾಲಿ ಡಬ್ಬ. ಸಿಪ್ಪೆ ಸೀಳುವ ಸದ್ದು ಎರಡು ಸಲ, ಆಮೇಲೆ ಅಡಿಕೆ ತಗಡಿಗೆ ಬಿದ್ದು ‘ಟಣ್’. ಮೊದಲು ಎರಡೂ ‘ಟಣ್’ ಒಂದಾಗಿ ಕೇಳುತ್ತವೆ. ಒಬ್ಬರ ಕೈ ತುಸು ಚುರುಕಾದರೆ ಎರಡನೆಯದು ಮೊದಲಿನದರ ಮಾರ್ದನಿಯಂತೆ ಹಿಂದೆ ಉಳಿಯುತ್ತದೆ. ಇನ್ನೂ ಸ್ವಲ್ಪ ಹೊತ್ತಿಗೆ ಅದು ಸರಿಯಾಗಿ ನಡುವೆ ಬೀಳುತ್ತದೆ. ಆಗ ಒಬ್ಬರೇ ಎರಡರಷ್ಟು ವೇಗದಲ್ಲಿ ಸುಲಿಯುತ್ತಿದ್ದಾರೇನೋ ಅನ್ನಿಸುತ್ತದೆ. ಆ ವೇಗ ಯಾರ ಕೈಯಲ್ಲೂ ಇಲ್ಲ. ಡಬ್ಬದ ತಳ ಮುಚ್ಚಿ ಸದ್ದು ಮಂಕಾಗುವವರೆಗೆ ನಾನು ಎಷ್ಟೋ ರಾತ್ರಿ ಇದನ್ನು ಕೇಳುತ್ತಾ ಕುಳಿತಿದ್ದೇನೆ.

ಈ ತಂತ್ರ ಸಿಕ್ಕಿದ್ದು ಯಂತ್ರಗಳಿಂದ. ಅಮೆರಿಕದ ಸಂಗೀತ ಸಂಯೋಜಕ ಸ್ಟೀವ್ ರೈಶ್ 1964ರಲ್ಲಿ ಸ್ಯಾನ್‌ ಫ್ರಾನ್ಸಿಸ್ಕೋದ ಚೌಕವೊಂದರಲ್ಲಿ ನೋಹನ ಪ್ರಳಯದ ಕಥೆ ಹೇಳುತ್ತಿದ್ದ ಬೀದಿ ಬೋಧಕನ ಮಾತನ್ನು ಧ್ವನಿಮುದ್ರಿಸಿಕೊಂಡರು. ‘ಮಳೆ ಬರಲಿದೆ’ ಎಂಬ ಅರ್ಥದ ತುಣುಕನ್ನು ಎರಡು ಟೇಪ್ ಸುರುಳಿ ಮಾಡಿ ಎರಡು ಯಂತ್ರಗಳಲ್ಲಿ ಹಾಕಿದಾಗ, ವೇಗದ ಸಣ್ಣ ವ್ಯತ್ಯಾಸದಿಂದ ಒಂದು ಮುಂದೆ ಸರಿಯಿತು. ಅವರು ಅದನ್ನು ತಿದ್ದಲಿಲ್ಲ, ಕಿವಿಗೊಟ್ಟರು. 1965ರ ‘ಇಟ್ಸ್ ಗೊನ್ನಾ ರೇನ್’ ಹೀಗೆ ಹುಟ್ಟಿತು. 1967ರ ‘ಪಿಯಾನೋ ಫೇಸ್’ನಲ್ಲಿ ಅದೇ ಕೆಲಸವನ್ನು ಇಬ್ಬರು ಕಲಾವಿದರಿಗೆ ವಹಿಸಿದರು. ಅದರ ಮೊದಲ ಭಾಗದ ಗುಚ್ಛದಲ್ಲಿ ಹನ್ನೆರಡು ಸ್ವರಗಳು. ಬಿಡಿಸಿ ನೋಡಿದರೆ ಐದೇ ಸ್ವರಸ್ಥಾನ. ಇಷ್ಟು ಬಡ ಸಾಮಗ್ರಿಯಿಂದ ಅಷ್ಟು ಸಂಪತ್ತು ಹೇಗೆ ಬರುತ್ತದೆ ಎಂಬುದು ನನಗೆ ಇಂದಿಗೂ ಬೆರಗು.

ನಮ್ಮ ಕಡೆ ಕೇಳುಗರಿಗೆ ಇದು ಮೊದಲು ಮುಜುಗರ ತರುತ್ತದೆ. ಭಾಗವತರ ತಾಳದಿಂದ ಮದ್ದಳೆ ಸ್ವಲ್ಪ ಸರಿದರೂ ಸಭೆಗೆ ಗೊತ್ತಾಗುತ್ತದೆ, ಅದು ತಪ್ಪೇ. ಫೇಸಿಂಗ್‌ನಲ್ಲಿ ಆ ಸರಿಯುವಿಕೆಯೇ ಸಂಗೀತ. ಆದರೆ ಇದನ್ನು ಲಯದ ಸಡಿಲಿಕೆ ಎಂದು ತಿಳಿಯಬಾರದು. ಪಕ್ಕದವರು ಸೆಳೆಯುತ್ತಿದ್ದರೂ ಒಬ್ಬರು ಕದಲದೆ ನಿಲ್ಲಬೇಕು, ಇನ್ನೊಬ್ಬರು ನೆಗೆಯದೆ ಜಾರಬೇಕು. ತಾಳ ಬಿಗಿಯಿಲ್ಲದವರಿಂದ ಇದು ಆಗದು.

ಮನೆಯಲ್ಲಿ ಪ್ರಯತ್ನಿಸಲು ರೈಶ್ ಅವರದೇ 1972ರ ‘ಕ್ಲ್ಯಾಪಿಂಗ್ ಮ್ಯೂಸಿಕ್’ ಇದೆ. ವಾದ್ಯವೇ ಬೇಡ. ಹನ್ನೆರಡು ಎಣಿಕೆಯಲ್ಲಿ ಎಂಟು ಚಪ್ಪಾಳೆ: ಮೂರು, ಬಿಡುವು, ಎರಡು, ಬಿಡುವು, ಒಂದು, ಬಿಡುವು, ಎರಡು, ಬಿಡುವು. ಒಬ್ಬರು ಇದನ್ನೇ ಕೊನೆಯವರೆಗೆ ಹಿಡಿಯಬೇಕು. ಇನ್ನೊಬ್ಬರು ಕೆಲವು ಆವರ್ತಗಳಾದ ಮೇಲೆ ಒಂದು ಎಣಿಕೆ ಮುಂದಕ್ಕೆ ಹೋಗಬೇಕು, ಮತ್ತೆ ಕೆಲವು ಆವರ್ತಗಳಾದ ಮೇಲೆ ಇನ್ನೊಂದು. ಇಲ್ಲಿ ಜಾರಿಕೆಯಿಲ್ಲ, ಹೆಜ್ಜೆ ಹೆಜ್ಜೆಯ ಬದಲಾವಣೆ. ಹಾಗಾಗಿ ಕಲಿಯುವವರಿಗೆ ಹಿಡಿತ ಸಿಗುತ್ತದೆ. ಹನ್ನೆರಡು ಸಲ ಮುಂದೆ ಹೋದಾಗ ಇಬ್ಬರ ಚಪ್ಪಾಳೆ ಮತ್ತೆ ಒಂದಾಗುತ್ತದೆ. ಅಕ್ಕ ಮತ್ತು ನಾನು ಜಗಲಿಯಲ್ಲಿ ಕುಳಿತು ಇದುವರೆಗೆ ಐದನೆಯ ಹೆಜ್ಜೆ ಮುಟ್ಟಿದ್ದೇವೆ.