ಬಜೆಯನ್ನು ಮುಳುಗಿಸಬೇಡಿ

ಈ ಮಳೆಗಾಲದಲ್ಲಿ ಇದು ಮೂರನೇ ಫೋನು. ಬಜೆ ಕೊಳೆತು ಹೋಯಿತಂತೆ, ನಾನು ಕೊಟ್ಟ ಗಡ್ಡೆಯೇ ಸರಿ ಇರಲಿಲ್ಲವಂತೆ. ಕಲಬುರಗಿಯಲ್ಲಿ ನರ್ಸರಿ ಇಟ್ಟುಕೊಂಡು ಇಷ್ಟು ವರ್ಷವಾದ ಮೇಲೆ ನಾನು ಜಗಳ ಆಡುವುದಿಲ್ಲ. ಗಿಡದ ಮೇಲೆ ನೀರು ಎಷ್ಟಿದೆ ಅಂತ ಮಾತ್ರ ಕೇಳುತ್ತೇನೆ.

"ಒಂದೂವರೆ ಅಡಿ ಅದರೀ. ನೀರಾಗಿನ ಗಿಡ ಅಂತ ನೀವೇ ಅಂದಿರಲ್ರೀ?"

ನಾನು ಅಂದಿದ್ದು ಕೆಸರಿನ ಗಿಡ ಅಂತ. ಕೊಳದ ಅಂಚು, ನೀರು ಜಿನುಗುವ ಜಾಗ, ಸದಾ ಹಸಿಯಾಗಿರುವ ಮಣ್ಣು ಅದರ ಮನೆ. ಗಡ್ಡೆ ನೆಟ್ಟಗೆ ಇಳಿಯುವುದಿಲ್ಲ, ಕೆಸರಿನ ಮೇಲ್ಪದರದಲ್ಲೇ ಅಡ್ಡಡ್ಡ ಹರಿಯುತ್ತದೆ. ನೀರು ಬೇಕು ನಿಜ, ಆದರೆ ಎಲೆ ಗಾಳಿಯಲ್ಲಿರಬೇಕು.

ಯಾಕೆ ಅಂದರೆ, ನೀರು ತುಂಬಿದ ಕೆಸರಿನಲ್ಲಿ ಗಾಳಿಯೇ ಇರುವುದಿಲ್ಲ. ಬೇರಿಗೆ ಉಸಿರು ಮೇಲಿನಿಂದಲೇ ಬರಬೇಕು. ಬಜೆ ಎಲೆಯನ್ನು ಅಡ್ಡ ಕತ್ತರಿಸಿ ನೋಡಿ, ಒಳಗೆಲ್ಲ ಸ್ಪಂಜಿನ ಹಾಗೆ ಸಣ್ಣ ಸಣ್ಣ ಟೊಳ್ಳು. ಗಾಳಿ ಕೆಳಗಿಳಿಯುವ ದಾರಿ ಅದೇ. ಪಪ್ಪಾಯಿ ದಂಟು ಬಾಯಲ್ಲಿಟ್ಟುಕೊಂಡು ಬಾವಿಯಲ್ಲಿ ಮುಳುಗುವ ಹುಡುಗರಿದ್ದಾರಲ್ಲ, ದಂಟಿನ ತುದಿಯೂ ಮುಳುಗಿದರೆ ಏನಾಗುತ್ತದೆ? ಗಡ್ಡೆಗೆ ಆಗುವುದೂ ಅದೇ. ಶಹಾಪುರ, ಸುರಪುರ ಕಡೆಯವರಿಗೆ ನಾನು ಇಷ್ಟೆಲ್ಲ ಹೇಳಬೇಕಾಗಿಲ್ಲ. ನಾರಾಯಣಪುರ ಕಾಲುವೆ ನೀರಲ್ಲಿ ಭತ್ತ ಬೆಳೆಯುವವರು ಅವರು. ಎಳೆ ಪೈರು ದಿನಗಟ್ಟಲೆ ಮುಳುಗಿದರೆ ಏನಾಗುತ್ತದೆ ಅಂತ ಗೊತ್ತು.

ಹೊಸದಾಗಿ ನೆಟ್ಟಾಗ ಕೆಸರು ಹಸಿಯಾಗಿದ್ದರೆ ಸಾಕು. ಚೆನ್ನಾಗಿ ಬೇರು ಬಿಟ್ಟ ಮೇಲೆ ಬುಡದಲ್ಲಿ 3-4 ಇಂಚು ನೀರು ನಿಂತರೂ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ನಿಂತರೂ ಬದುಕಿದ ಗಿಡಗಳನ್ನು ನೋಡಿದ್ದೇನೆ, ಇಲ್ಲ ಅನ್ನುವುದಿಲ್ಲ. ನಿಮ್ಮ ದುಡ್ಡಲ್ಲಿ ಆ ಪರೀಕ್ಷೆ ಬೇಡ ಅಷ್ಟೇ.

ನಮ್ಮ ಕಡೆ ಇನ್ನೊಂದು ತೊಡಕಿದೆ. ನೀರಿನ ಅಂಚು ನಿಂತಲ್ಲಿ ನಿಲ್ಲುವುದಿಲ್ಲ. 2014-15ರಲ್ಲಿ ಹೊಂಡ ತೋಡಲು ನೆರವು ಕೊಡುವ ಸರ್ಕಾರದ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಹೊಲಗಳಲ್ಲಿ ಹೊಂಡ ಬಹಳ ಆಗಿವೆ. ಜೇವರ್ಗಿ ಕಡೆಯ ರೈತರೊಬ್ಬರು ಜೂನ್‌ನಲ್ಲಿ ಹೊಂಡದ ತಳದಲ್ಲಿದ್ದ ನೀರಿನ ಅಂಚಿಗೆ ಸರಿಯಾಗಿ ಸಾಲಾಗಿ ಬಜೆ ನೆಟ್ಟರು. ಬಹಳ ಚಂದ ನೆಟ್ಟಿದ್ದರು, ಸುಳ್ಳು ಹೇಳಬಾರದು. ಸೆಪ್ಟೆಂಬರ್ ಹೊತ್ತಿಗೆ ಆ ಸಾಲಿನ ಮೇಲೆ ಆಳೆತ್ತರ ನೀರು! ಮೇಲಂಚಿನಲ್ಲಿ ನೆಟ್ಟಿದ್ದರೆ ಬೇಸಿಗೆಯಲ್ಲಿ ಒಣಗುತ್ತಿತ್ತು. ಅದಕ್ಕೇ ಈಗ ಹೊಂಡದೊಳಗೆ ನೆಡಬೇಡಿ ಅಂತಲೇ ಹೇಳುತ್ತೇನೆ. ಪಕ್ಕದಲ್ಲಿ ಒಂದು ಅಡಿ ಆಳದ ಮಡಿ ತೆಗೆಯಿರಿ. ದಪ್ಪ ಪ್ಲಾಸ್ಟಿಕ್ ಹಾಸಿ, ಮೇಲಿನಿಂದ 3 ಇಂಚು ಕೆಳಗೆ ಬದಿಗಳಲ್ಲಿ ತೂತು ಮಾಡಿ. ಮಳೆ ಜಾಸ್ತಿಯಾದರೆ ನೀರು ಅಲ್ಲಿಂದ ಹೋಗುತ್ತದೆ. ನಮ್ಮ ಎರೆ ಮಣ್ಣೇ ಸಾಕು, ಸ್ವಲ್ಪ ಮರಳು, ಹಳೆ ಗೊಬ್ಬರ ಬೆರೆಸಿ. ಬಿದಿರಿನ ಹಾಗೆ ಗಿಣ್ಣು ಇರುವ, ಮೊಳಕೆ ಕಾಣುವ ಹಸಿ ತುಂಡನ್ನು ಅಡ್ಡಲಾಗಿ, ಬೆನ್ನು ಹೊರಗೆ ಕಾಣುವಷ್ಟು ಮೇಲೆ ಇಡಿ. ಒಂದಡಿಗೊಂದು. ಏಪ್ರಿಲ್, ಮೇ ಬಿಸಿಲಲ್ಲಿ ಎರೆ ಬಿರುಕು ಬಿಡುವ ಮೊದಲೇ ನೀರು ಬಿಡಬೇಕು, ಮಧ್ಯಾಹ್ನದ ಮೇಲೆ ನೆರಳಿದ್ದರೆ ಒಳ್ಳೆಯದು.

ಕಿರಾಣಿ ಅಂಗಡಿಯ ಬಜೆ ತಂದು ನೆಡುವವರೂ ಇದ್ದಾರೆ. ಒಣಗಿಸಿದ ಶುಂಠಿ ಮೊಳೆಯುತ್ತದಾ? ಇದೂ ಹಾಗೇ.

ಬೀದರಿನ ಅಜ್ಜಿಯೊಬ್ಬರು ಮೊಮ್ಮಗಳಿಗೆ ತೇಯ್ದು ಹಾಕಲು ಗಡ್ಡೆ ಕೇಳಿಕೊಂಡು ಬಂದಿದ್ದರು. ಅವರ ಪ್ರೀತಿಗೆ ಎದುರು ಮಾತಾಡುವುದು ಕಷ್ಟ. ಆದರೂ ಹೇಳಿದೆ, ಹೇಳಲೇಬೇಕು: ಇದರಲ್ಲಿ ಬೀಟಾ-ಅಸರೋನ್ ಅನ್ನುವ ಅಂಶವಿದೆ, ಆ ಕಾರಣಕ್ಕೇ ಅಮೆರಿಕದಲ್ಲಿ 1968ರಿಂದ ಆಹಾರದಲ್ಲಿ ಬಜೆ ಬಳಸುವಂತಿಲ್ಲ. ಎಳೆ ಮಗುವಿನ ವಿಷಯ ಡಾಕ್ಟರನ್ನು ಕೇಳಿ. ನಾನು ಗಿಡ ಮಾರುವವನು.

ಆಳಂದ ರಸ್ತೆ ಕಡೆಯ ನಿವೃತ್ತ ಮಾಸ್ತರರೊಬ್ಬರು ಸಿಮೆಂಟಿನ ಕೊಳದ ತಳದಲ್ಲೇ ಬಜೆ ಕುಂಡ ಇಟ್ಟಿದ್ದರು. ನಾನೇ ಪ್ಯಾಂಟು ಮಡಚಿ ಇಳಿದೆ. ಗಡ್ಡೆ ಒತ್ತಿದರೆ ಬೆರಳು ಒಳಗೇ ಹೋಯಿತು. ಮೂಲೆಯ ಒಂದು ತುಂಡು ಮಾತ್ರ ಗಟ್ಟಿ, ಮುರಿದಾಗ ಘಮ್ ಅಂತು. ಇಟ್ಟಂಗಿ ಪೇರಿಸಿ ಅದನ್ನು ನೀರಿನ ಮಟ್ಟಕ್ಕೆ ಎತ್ತಿಟ್ಟೆ. ಮುಂದಿನ ವರ್ಷ ಅದು ಕುಂಡ ತುಂಬಿತ್ತು. ಮಾಸ್ತರರಿಗೆ ಬಹಳ ಖುಷಿ. ಹೋದ ವಾರ ಮತ್ತೆ ಫೋನು ಮಾಡಿದ್ದರು.

"ತಾವರಿ ಗಡ್ಡಿ ತಂದೀನ್ರೀ. ಇದನ್ನೂ ಇಟ್ಟಂಗಿ ಮ್ಯಾಲೇ ಇಡಬೇಕೇನು?"

ಅದನ್ನು ತಳದಲ್ಲೇ ಇಡಿ ಸರ್ ಅಂದೆ. ಅದರ ದಂಟು ನೀರಿಗೆ ತಕ್ಕ ಹಾಗೆ ಉದ್ದ ಆಗುತ್ತದೆ. ಎರಡು ನಿಮಿಷ ಸುಮ್ಮನಿದ್ದು, "ಅಲ್ರೀ, ಮೊದಲೇ ನಾನು ಇಟ್ಟಿದ್ದು ಸರಿ ಇತ್ತಲ್ಲ!" ಅಂದರು.