ಖಾಜನ್ ಗದ್ದೆಗೆ ಬೀಜ ಸಿಕ್ಕಿದೆ, ಬಾಗಿಲು ಕಾಯುವವರಿಲ್ಲ

ಕುಮಟಾದಲ್ಲಿ ರೈಲು ಹತ್ತಿ ಗೋವಾದ ಕರಮಳಿಗೆ ಬರುವವರಿಗೆ ದಾರಿಯಲ್ಲಿ ಎರಡು ಸಲ ಒಂದೇ ಬಗೆಯ ಗದ್ದೆ ಕಾಣುತ್ತದೆ. ಅಘನಾಶಿನಿಯ ದಂಡೆಯಲ್ಲಿ ಅದು ಗಜನಿ, ಜುವಾರಿ ದಾಟಿದ ಮೇಲೆ ಖಾಜನ್. ಅಲ್ಲಿ ಕಗ್ಗ ಭತ್ತ, ಇಲ್ಲಿ ಕೊರ್ಗುಟ್. ಎರಡೂ ಉಪ್ಪುನೀರಿಗೆ ಒಡ್ಡು ಕಟ್ಟಿ ಪಡೆದ ನೆಲ, ಮಟ್ಟದಲ್ಲಿ ಉಬ್ಬರದ ನೀರಿಗಿಂತ ಕೆಳಗೆ. ಗೋವಾದಲ್ಲಿ ಇದು ಸುಮಾರು 18,000 ಹೆಕ್ಟೇರ್ ಎಂಬ ಲೆಕ್ಕ ರೂಢಿಯಲ್ಲಿದೆ. ನಾಟಿಗೆಂದು ಉತ್ತರ ಕರ್ನಾಟಕದಿಂದ ಬರುವವರಿಗೆ ಸವಳು ಮಣ್ಣು ಹೊಸದಲ್ಲ. ಆದರೆ ಊರಿನ ಸವಳು ಕಾಲುವೆ ನೀರು ಹೆಚ್ಚಾಗಿ ಬಂದದ್ದು, ಇಲ್ಲಿನದು ದಿನಕ್ಕೆರಡು ಸಲ ಬಾಗಿಲು ತಟ್ಟುವ ಸಮುದ್ರದ್ದು.

ಆ ಬಾಗಿಲಿನ ಹೆಸರು ಮಾನಸ್. ಒಡ್ಡಿನ ನಡುವೆ ಕಲ್ಲಿನ ಕಿಂಡಿ, ಅದಕ್ಕೆ ಮೇಲಿನಿಂದ ತೂಗುಬಿಟ್ಟ ಮರದ ಹಲಗೆ. ಇಳಿತದಲ್ಲಿ ಒಳಗಿನ ನೀರು ಹಲಗೆಯನ್ನು ಹೊರಕ್ಕೆ ತಳ್ಳಿ ಹರಿದುಹೋಗುತ್ತದೆ. ಉಬ್ಬರ ಏರಿದಾಗ ಹೊರಗಿನ ನೀರೇ ಅದನ್ನು ಚೌಕಟ್ಟಿಗೆ ಒತ್ತಿ ಮುಚ್ಚುತ್ತದೆ. ಮೋಟಾರಿಲ್ಲ, ಕಾವಲಿಲ್ಲ ಎನ್ನಿಸುತ್ತದೆ. ಕಾವಲು ಬೇಕು. ಚೌಕಟ್ಟಿಗೆ ಒಂದು ಕೊರಡೋ ಪ್ಲಾಸ್ಟಿಕ್ ಬಾಟಲಿಯೋ ಸಿಕ್ಕಿಕೊಂಡು ಬೆರಳಗಲ ಸಂದಿ ಉಳಿದರೆ ಸಾಕು. ವಾರಕ್ಕೆ ಹದಿಮೂರೋ ಹದಿನಾಲ್ಕೋ ಉಬ್ಬರ, ಪ್ರತಿಯೊಂದಕ್ಕೂ ಉಪ್ಪು ಒಳಗೆ.

ಮಳೆಗಾಲಕ್ಕೆ ಮೊದಲು ಗದ್ದೆ ಉತ್ತು ಒಣಗಿಸುತ್ತಾರೆ, ಮಣ್ಣಿನ ಉಪ್ಪು ಮೊದಲ ಮಳೆಗೆ ಬೇಗ ಕರಗಲೆಂದು. ಆ ನೀರನ್ನು ಇಳಿತದಲ್ಲಿ ಬಿಟ್ಟು, ಮತ್ತೆ ಮಳೆನೀರು ನಿಲ್ಲಿಸಿ, ಮತ್ತೆ ಬಿಡುತ್ತಾರೆ. ಭತ್ತದ ಇಳುವರಿ ಇಳಿಯತೊಡಗುವುದು ಮಣ್ಣಿನ ಲವಣಾಂಶ ಮೀಟರಿಗೆ 3 ಡೆಸಿಸೀಮೆನ್ಸ್ (ವಿದ್ಯುತ್ ಹರಿವಿನಿಂದ ಉಪ್ಪು ಅಳೆಯುವ ಮಾನ) ದಾಟಿದಾಗ; ತೊಳೆಯುವ ಮುನ್ನ ಖಾಜನ್ ಇದಕ್ಕಿಂತ ಬಹಳ ಮೇಲಿರುತ್ತದೆ. ನಾಟಿಯಾದ ಮೇಲೆ ಮಳೆ ಹತ್ತು ದಿನ ಕೈಕೊಟ್ಟರೆ ಕೆಳಗಿನ ಉಪ್ಪು ಮತ್ತೆ ಮೇಲೇರುತ್ತದೆ, ಎಲೆಯ ತುದಿ ಸುಟ್ಟಂತಾಗುತ್ತದೆ.

ಈ ವ್ಯವಸ್ಥೆಯನ್ನು ನಡೆಸಿದ್ದು ಊರಿನ ಗಾಂವ್ಕಾರಿ, ಅಂದರೆ ನೆಲವನ್ನು ಒಟ್ಟಾಗಿ ನೋಡಿಕೊಳ್ಳುವ ಊರವರ ಸಮುದಾಯ. 1526ರಲ್ಲಿ ಪೋರ್ಚುಗೀಸ್ ಅಧಿಕಾರಿ ಅಫೊನ್ಸೊ ಮೆಶಿಯಾ ಬರೆಸಿದ ಸನ್ನದಿನಲ್ಲಿ ಗಾಂವ್ಕಾರರ ಪದ್ಧತಿಗಳನ್ನು ದಾಖಲಿಸಿದ್ದಾರೆ. ಪದ್ಧತಿ ಅದಕ್ಕಿಂತ ಹಳೆಯದು. ಪೋರ್ಚುಗೀಸರ ಕಾಲದಲ್ಲಿ ಅದಕ್ಕೆ ಕೊಮುನಿದಾದ್ ಎಂಬ ಹೆಸರು ಬಂತು. ಮಾನಸಿನ ಬಾಯಿಗೆ ಬಲೆ ಕಟ್ಟಿ ಮೀನು ಹಿಡಿಯುವ ಹಕ್ಕನ್ನು ಹರಾಜು ಹಾಕುತ್ತಿದ್ದರು. ಹಣವೂ ಅವರದೇ, ಒಡ್ಡಿನ ದುರಸ್ತಿಯೂ ಅವರದೇ. ಜಾಣತನ ಇದ್ದದ್ದು ಅಲ್ಲಿ: ಮೀನಿನ ಲಾಭ ಮತ್ತು ಭತ್ತದ ನಷ್ಟ ಒಂದೇ ಪುಸ್ತಕದಲ್ಲಿ ಬರೆಯಲ್ಪಡುತ್ತಿದ್ದವು.

1961ರ ವಿಮೋಚನೆಯ ನಂತರ ಆ ಪುಸ್ತಕ ಹರಿದು ಹಂಚಿಹೋಯಿತು. 1964ರ ಗೇಣಿ ಕಾಯ್ದೆ ಗೇಣಿದಾರರಿಗೆ ರಕ್ಷಣೆ ಕೊಟ್ಟಿತು, 1976ರ ಐದನೇ ತಿದ್ದುಪಡಿ ಉಳುವವನಿಗೆ ಒಡೆತನ ಕೊಟ್ಟಿತು. ನ್ಯಾಯದ ಕೆಲಸ, ತಕರಾರಿಲ್ಲ. ಆದರೆ ಒಡ್ಡು ಯಾರ ಪಾಲಿನದೂ ಆಗದೆ ಉಳಿಯಿತು. 1975ರ ನಿಯಮಗಳಡಿ ಗೇಣಿದಾರರ ಸಂಘಗಳು ಆ ಹೊಣೆ ಹೊತ್ತವು. ಕೆಲವು ಚೆನ್ನಾಗಿ ನಡೆದವು. ಹಲವೆಡೆ ಸಿಗಡಿಯ ಬೆಲೆ ಭತ್ತಕ್ಕಿಂತ ಹೆಚ್ಚಾದಾಗ ಮೀನು ಹಿಡಿಯುವ ಹಕ್ಕು ಪಡೆದ ಗುತ್ತಿಗೆದಾರ ರಾತ್ರಿ ಉಬ್ಬರಕ್ಕೆ ಹಲಗೆ ಎತ್ತಿಟ್ಟ. ಸಿಗಡಿಯ ಜೊತೆ ಉಪ್ಪೂ ಬಂತು. ಅದಿರು ಸಾಗಿಸುವ ದೋಣಿಗಳ ಅಲೆ ಮಾಂಡವಿ, ಜುವಾರಿಯ ಒಡ್ಡುಗಳನ್ನು ಕೊರೆಯಿತು. ಏಡಿಯ ಬಿಲಗಳಂತೂ ಎಂದಿನಿಂದಲೂ ಇದ್ದವು, ಮುಚ್ಚುವ ಕೈ ಮಾತ್ರ ಕಡಿಮೆಯಾಯಿತು.

ಸಂಶೋಧನೆ ಹಿಡಿದದ್ದು ಬೀಜದ ದಾರಿ. ಹಳೆ ಗೋವೆಯ ಎಲಾದಲ್ಲಿರುವ ಕೇಂದ್ರೀಯ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆ ಕೊರ್ಗುಟ್‌ನಿಂದಲೇ ಆಯ್ದು ಗೋವಾ ಧಾನ್ 1, 2 ಎಂಬ ತಳಿಗಳನ್ನು ಕೊಟ್ಟಿತು. ಕೊರ್ಗುಟ್ ಉಪ್ಪು ತಡೆದರೂ ಎತ್ತರ ಬೆಳೆದು ಗಾಳಿಗೆ ಬೀಳುತ್ತದೆ, ಇಳುವರಿ ಕಡಿಮೆ. ಎಲ್ಲೆಡೆ ಬಿತ್ತುವ ಜ್ಯೋತಿ ತಳಿ ಇಳುವರಿ ಕೊಟ್ಟರೂ ಉಪ್ಪಿಗೆ ಸೋಲುತ್ತದೆ. ಆಯ್ದ ತಳಿಗಳು ಇವೆರಡರ ನಡುವಿನ ದಾರಿ, ನಿಜವಾಗಿ ಉಪಯೋಗದವು. ಆದರೆ ಒಡ್ಡು ಒಡೆದ ಗದ್ದೆಯಲ್ಲಿ ಯಾವ ತಳಿಯೂ ನಿಲ್ಲದು. ಎರಡು ಮೂರು ವರ್ಷ ಪಾಳುಬಿದ್ದರೆ ಕಾಂಡ್ಲಾ (ಮ್ಯಾಂಗ್ರೋವ್) ಬೇರೂರುತ್ತದೆ. ಒಡ್ಡಿನ ಹೊರಗೆ ಅಲೆ ತಡೆಯುವ ಅದೇ ಗಿಡ ಒಳಗೆ ಬೆಳೆದ ಮೇಲೆ ಕರಾವಳಿ ನಿಯಮ ಅದನ್ನು ಕಡಿಯಲು ಬಿಡುವುದಿಲ್ಲ. 2011ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಗೋವಾದ ಖಾಜನ್‌ಗೆ ಪ್ರತ್ಯೇಕ ನಕ್ಷೆ, ನಿರ್ವಹಣಾ ಯೋಜನೆ ಬೇಕೆಂದಿತು, ಅಲ್ಲಿ ಕಟ್ಟಡ ಕಾಮಗಾರಿ ಸಲ್ಲದೆಂದಿತು. ಕಾಗದದ ಮೇಲೆ ಅದು ಸರಿಯೇ.

ದುರಸ್ತಿಯಲ್ಲೂ ಅವಸರ ಕೆಲಸ ಕೆಡಿಸುತ್ತದೆ. ಹಳೆಯ ಒಡ್ಡು ನದಿಯ ಜೇಡಿ, ಒಣಹುಲ್ಲು, ಬಿದಿರು ಸೇರಿ ಕಟ್ಟಿದ್ದು, ಹೊರಮೈಗೆ ಚಿರೆಕಲ್ಲು. ಜೆಸಿಬಿ ತಂದು ಸುರಿಯುವ ಗುಡ್ಡದ ಕೆಂಪು ಮಣ್ಣು ಒಂದೆರಡು ಮಳೆಗೆ ತೊಳೆದುಹೋಗುತ್ತದೆ. ಕಾಂಕ್ರೀಟ್ ಚೌಕಟ್ಟು ಗಟ್ಟಿಯೇ, ಆದರೆ ಅದು ಜೇಡಿಯನ್ನು ಕೂಡುವಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ. ಅದಕ್ಕೇ ಮೇ ತಿಂಗಳ ಹುಣ್ಣಿಮೆಯ ಉಬ್ಬರಕ್ಕೆ ಒಡ್ಡಿನ ಒಳಪಾರ್ಶ್ವದಲ್ಲಿ ನಡೆದು, ಒದ್ದೆ ಕಂಡಲ್ಲೆಲ್ಲ ಕೋಲು ನೆಟ್ಟು ಬರಬೇಕು. ಇಳಿತ ಬಂದ ಕೂಡಲೇ ಆ ಜಾಗ ಅಗೆದು, ಬಿಲದ ಕೊನೆ ಸಿಗುವವರೆಗೆ ಹೋಗಿ, ಹಸಿ ಜೇಡಿಯನ್ನು ತುಳಿದು ತುಂಬಬೇಕು. ಮೇಲೆ ಮಣ್ಣು ಮೆತ್ತಿದರೆ ಮುಂದಿನ ಅಮಾವಾಸ್ಯೆಗೆ ಅದೇ ಕೋಲಿನ ಬುಡದಲ್ಲಿ ನೀರು.