ಬೇಕಲ ಕೋಟೆಯ ಒಡೆಯರು: 1792ರಲ್ಲಿ ಎಡವಬೇಡಿ

ಇಕ್ಕೇರಿ ನಾಯಕರು, ಹೈದರಾಲಿ, ಟಿಪ್ಪು, ಈಸ್ಟ್ ಇಂಡಿಯಾ ಕಂಪನಿ. ಈ ಸಾಲು ಎಲ್ಲರಿಗೂ ಬರುತ್ತದೆ. ಕಟ್ಟಿಸಿದ್ದು ಶಿವಪ್ಪ ನಾಯಕ, ಸುಮಾರು 1650 ಎಂಬುದೂ ಬರುತ್ತದೆ. 1763ರಲ್ಲಿ ಹೈದರ್ ನಾಯಕರ ರಾಜಧಾನಿ ಬಿದನೂರನ್ನು ಹಿಡಿದ ಮೇಲೆ ನಾಯಕರ ಕರಾವಳಿಯೆಲ್ಲ ಅವನ ಪಾಲಾಯಿತು, ಬೇಕಲವೂ ಅದರೊಳಗೇ.

ಎಡವಟ್ಟಾಗುವುದು ಇದರ ನಂತರ. "ಮಲಬಾರ್ ಕಂಪನಿಗೆ: 1792" ಎಂದು ಉರು ಹೊಡೆದವರು, ಬೇಕಲ ಈಗ ಕೇರಳದಲ್ಲಿದೆಯಲ್ಲ ಎಂದು ಅದೇ ಇಸವಿ ಬರೆದುಬಿಡುತ್ತಾರೆ. ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಈ ಕಡೆ ಬಿಟ್ಟುಕೊಟ್ಟದ್ದು ಮಲಬಾರನ್ನು, ಕೆನರಾವನ್ನಲ್ಲ (ಮುಂದೆ ಉತ್ತರ ಕನ್ನಡ, ದಕ್ಷಿಣ ಕನ್ನಡ ಎಂದು ಎರಡಾದ ಕರಾವಳಿ ಸೀಮೆ). ಬೇಕಲ ಇದ್ದದ್ದು ಕೆನರಾದಲ್ಲಿ. ಮಂಗಳೂರಿನ ಹಾಗೆ ಅದೂ ಮತ್ತೆ ಏಳು ವರ್ಷ ಟಿಪ್ಪುವಿನ ಕೈಯಲ್ಲೇ ಇತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಕೆನರಾ ಕಂಪನಿಗೆ ಹೋದದ್ದು ಆಗ. ಹಾಗಾಗಿ ಇಸವಿ ಬರೆಯುವ ಮೊದಲು ಇವತ್ತಿನ ರಾಜ್ಯವನ್ನು ಮರೆತು, ಆ ಕಾಲದ ಸೀಮೆ ಯಾವುದೆಂದು ಕೇಳಿಕೊಳ್ಳಿ. ಕಣ್ಣೂರು ಅಂದರೆ ಮಲಬಾರ್, 1792. ಬೇಕಲ, ಕಾಸರಗೋಡು, ಕುಂಬಳೆ ಅಂದರೆ ಕೆನರಾ, 1799. ತಮಾಷೆ ನೋಡಿ, ಬೇಕಲ ಯಾರದೆಂದು ಬೇಕಲದಲ್ಲಿ ತೀರ್ಮಾನವಾದದ್ದೇ ಕಡಿಮೆ. ಒಮ್ಮೆ ಬಿದನೂರಿನಲ್ಲಿ, ಇನ್ನೊಮ್ಮೆ ಶ್ರೀರಂಗಪಟ್ಟಣದಲ್ಲಿ.

ಇದೇ ಜಾತಿಯ ಇನ್ನೊಂದು ತಪ್ಪು, "ಬೇಕಲ ಬೊಂಬಾಯಿ ಪ್ರಾಂತ್ಯದಲ್ಲಿತ್ತು" ಎಂಬುದು. 1862ರಲ್ಲಿ ಬೊಂಬಾಯಿಗೆ ಹೋದದ್ದು ಉತ್ತರ ಕನ್ನಡ. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು, ಅದರೊಂದಿಗೆ ಬೇಕಲವೂ.

1956ರ ನವೆಂಬರ್ 1ಕ್ಕೆ ಕೇರಳ, 1984ರ ಮೇ 24ಕ್ಕೆ ಕಾಸರಗೋಡು ಜಿಲ್ಲೆ. ರಾಜ್ಯಗಳ ಗಡಿ ತಕರಾರು ನೋಡಿದ ಮಹಾಜನ ಆಯೋಗದ ವರದಿ ಕರ್ನಾಟಕಕ್ಕೆ ಕೊಡಿ ಎಂದದ್ದು ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು. ಬೇಕಲ ಹೊಳೆಯ ತೆಂಕಣಕ್ಕಿದೆ, ಆದ್ದರಿಂದ ವರದಿ ಜಾರಿಯಾಗಿದ್ದರೂ ಕೋಟೆ ಕೇರಳದಲ್ಲೇ ಇರುತ್ತಿತ್ತು. ಅದು ಇರುವ ತಾಲೂಕಿನ ಹೆಸರು ಮಾತ್ರ ಇವತ್ತಿಗೂ ಕನ್ನಡದ ಹೊಸದುರ್ಗ.

ಕೋಟೆ ಕಟ್ಟಿದ್ದು ಮುರಕಲ್ಲಿನಲ್ಲಿ, ವಿಸ್ತಾರ ಸುಮಾರು 40 ಎಕರೆ. ಹೋದವರು ಗೋಡೆಯ ಗುಂಡುಕಿಂಡಿಗಳನ್ನು ಬಗ್ಗಿ ನೋಡಿ. ಮೇಲಿನ ಕಿಂಡಿ ದೂರದ ಗುರಿಗೆ, ಅದರ ಕೆಳಗಿನದು ಹತ್ತಿರ ಬಂದವನಿಗೆ, ತೀರಾ ಕೆಳಗಿನದು ಗೋಡೆಯ ಬುಡಕ್ಕೇ ಬಂದು ನಿಂತವನಿಗೆ.